ಮೇಷ್ಟರು ಬರೆದ ತೂಕ

(ಬಾನುಲಿ ಭಾಷಣ)

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯ ಯಾವ ಹಳ್ಳಿಗೆ ಬೆಳಗಿನ ಹೊತ್ತು ಹೋದರೂ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಹಾಲಿನ ಡೇರಿಯ ಮುಂದೆ ಹೆಂಗಸರೂ ಮಕ್ಕಳೂ ಕ್ಯಾನು, ತಂಬಿಗೆಗಳನ್ನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಎಲ್ಲರ ಕಣ್ಣೂ ಅಳೆಯುವವನ ಕೈಯ ಮೇಲೆ. ಲೀಟರು ಎಷ್ಟು, ಫ್ಯಾಟು ಎಷ್ಟು ಎಂಬುದು ಪುಸ್ತಕಕ್ಕೆ ಏರುವವರೆಗೆ ಯಾರೂ ಕದಲುವುದಿಲ್ಲ. ನಿನ್ನೆಗಿಂತ ಇಂದು ಒಂದು ಚೂರು ಇಳಿದಿದ್ದರೆ ಅಲ್ಲಿಯೇ ವಿಚಾರಣೆ ನಡೆಯುತ್ತದೆ. ಹಸುವಿಗೆ ಹಿಂಡಿ ಕಡಿಮೆಯಾಯಿತೇ, ಹಸಿಹುಲ್ಲು ಹೆಚ್ಚಾಯಿತೇ, ಇಲ್ಲ ಅಳತೆಯೇ ತಪ್ಪಿತೇ ಎಂದು ಚರ್ಚೆಯಾಗುತ್ತದೆ.

ಇದೇ ಹಳ್ಳಿಗಳ ರೇಷ್ಮೆ ಹುಳುವಿನ ಮನೆಗಳಲ್ಲಿ ನಡೆಯುವ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವ ಹೊತ್ತಿಗೆ ತನ್ನ ಮೊದಲಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಈ ಬೆಳವಣಿಗೆಗೆ ಬೇಕಾದುದು ನಾಲ್ಕು ವಾರಗಳಿಗಿಂತ ಕಡಿಮೆ ಕಾಲ. ಹುಳು ಎಷ್ಟನೆಯ ಜ್ವರ ಕಳೆದಿದೆ, ಈಗ ಎಳೆಯ ಸೊಪ್ಪು ಬೇಕೋ ಬಲಿತ ಸೊಪ್ಪು ಬೇಕೋ, ಒಂದು ಹೊತ್ತಿನ ಸೊಪ್ಪು ತಪ್ಪಿದರೆ ಗೂಡು ಎಷ್ಟು ಹಗುರವಾದೀತು, ಇವೆಲ್ಲವನ್ನೂ ಅಕ್ಷರ ಬಾರದ ತಾಯಿಯೂ ಬಲ್ಲಳು. ಕೊನೆಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ತಕ್ಕಡಿ ಅವಳ ಲೆಕ್ಕ ಸರಿಯಾಗಿತ್ತೇ ಇಲ್ಲವೇ ಎಂಬುದನ್ನು ಹೇಳಿಬಿಡುತ್ತದೆ.

ಇನ್ನು ಅದೇ ಮನೆಯ ಎಂಟು ವರ್ಷದ ಮಗು ಎಷ್ಟು ತೂಗುತ್ತದೆ, ಹೋದ ವರ್ಷಕ್ಕಿಂತ ಎಷ್ಟು ಎತ್ತರವಾಗಿದೆ ಎಂದು ಕೇಳಿ ನೋಡಿ. "ಚೆನ್ನಾಗವ್ನೆ ಸಾರ್" ಎಂಬ ಉತ್ತರ ಬರುತ್ತದೆ. ಅದರಾಚೆಗೆ ಉತ್ತರವಿಲ್ಲ.

ಕೇಳುಗ ಮಿತ್ರರೇ, ಈ ಮಾತನ್ನು ಆಕ್ಷೇಪಣೆಯ ಧಾಟಿಯಲ್ಲಿ ಹೇಳುವ ಅಧಿಕಾರ ನನಗಿಲ್ಲ. ಮಕ್ಕಳ ತೂಕವನ್ನು ಬರೆದಿಡುವ ಕೆಲಸ ಒಂದು ಕಾಲಕ್ಕೆ ನನ್ನದೇ ಆಗಿತ್ತು. ನಾನು ಅದನ್ನು ಹೇಗೆ ಮಾಡಿದೆ ಎಂಬುದನ್ನು ಮೊದಲು ಹೇಳಿಬಿಡುವುದು ಮರ್ಯಾದೆ.

೧೯೮೬ರಲ್ಲಿ ನಾನು ಈ ಹೋಬಳಿಯ ಒಂದು ಪ್ರಾಥಮಿಕ ಶಾಲೆಗೆ ಮೇಷ್ಟರಾಗಿ ಬಂದೆ. ಎರಡು ಕೋಣೆ, ಐದು ತರಗತಿ, ಇಬ್ಬರು ಉಪಾಧ್ಯಾಯರು. ಮರುವರ್ಷ ಮಕ್ಕಳ ಆರೋಗ್ಯದ ಕಾರ್ಡುಗಳು ಬಂದವು. ಪ್ರತಿ ಮಗುವಿನ ಎತ್ತರ, ತೂಕಗಳನ್ನು ವರ್ಷಕ್ಕೊಮ್ಮೆ ತುಂಬಬೇಕು. ಶಾಲೆಯಲ್ಲಿ ತೂಕದ ಯಂತ್ರವಿರಲಿಲ್ಲ. ಮೊದಲ ವರ್ಷ ಹುಮ್ಮಸ್ಸಿನಿಂದ ಮಕ್ಕಳನ್ನೆಲ್ಲ ಸಾಲಾಗಿ ನಡೆಸಿಕೊಂಡು ಹೋಗಿ, ರಾಗಿ ಮೂಟೆ ತೂಗುವ ತಕ್ಕಡಿಯಲ್ಲಿ ಕೂರಿಸಿ ತೂಗಿದೆ. ಗೋಡೆಗೆ ಗೀಟು ಹಾಕಿ ಎತ್ತರ ಅಳೆದೆ. ಎರಡನೆಯ ವರ್ಷ ಹುಮ್ಮಸ್ಸು ಇಳಿದಿತ್ತು. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು ಎರಡು ಕಿಲೋ ತೂಕ, ಐದು ಸೆಂಟಿಮೀಟರ್ ಎತ್ತರ ಬೆಳೆಯುತ್ತದೆಂದು ಎಲ್ಲೋ ಓದಿದ್ದೆ. ಹಿಂದಿನ ವರ್ಷದ ಅಂಕಿಗೆ ಎರಡು ಕೂಡಿಸಿದೆ, ಐದು ಕೂಡಿಸಿದೆ. ಒಂದು ಮಧ್ಯಾಹ್ನದಲ್ಲಿ ಅರವತ್ತು ಕಾರ್ಡು ಮುಗಿದುಹೋದವು. ಮೂರನೆಯ ವರ್ಷವೂ ಹಾಗೆಯೇ ಮಾಡಿದೆ.

ಆ ಮೂರನೆಯ ವರ್ಷದ ಕೊನೆಯಲ್ಲಿ ಒಬ್ಬ ವೈದ್ಯರು ತಪಾಸಣೆಗೆ ಬಂದರು. ತೂಕದ ಯಂತ್ರವನ್ನು ತಾವೇ ತಂದಿದ್ದರು. ನಾಲ್ಕನೆಯ ತರಗತಿಯ ಒಬ್ಬಳು ಹುಡುಗಿಯ ಸರದಿ ಬಂತು. ಹೆಸರು ಬೇಡ. ಚುರುಕಾದ ಹುಡುಗಿ, ಮಗ್ಗಿ ಒಪ್ಪಿಸುವುದರಲ್ಲಿ ಎಲ್ಲರಿಗಿಂತ ಮುಂದು. ನಾನು ತಕ್ಕಡಿಯಲ್ಲಿ ತೂಗಿದ ವರ್ಷ ಹದಿನೇಳು ಕಿಲೋ ಇದ್ದಳು, ನೂರ ಹನ್ನೆರಡು ಸೆಂಟಿಮೀಟರ್ ಎತ್ತರವಿದ್ದಳು. ಕಾರ್ಡಿನ ಪ್ರಕಾರ ಈಗ ಇಪ್ಪತ್ತೊಂದು ಕಿಲೋ, ನೂರ ಇಪ್ಪತ್ತೆರಡು ಸೆಂಟಿಮೀಟರ್. ಯಂತ್ರದ ಮುಳ್ಳು ಹದಿನೆಂಟಕ್ಕೆ ನಿಂತಿತು. ಎತ್ತರ ನೂರ ಹದಿನೈದು.

ವೈದ್ಯರು ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು. "ಮೇಷ್ಟರೇ, ಮಗುವಿನ ತೂಕ ಕರಗುವುದುಂಟು. ಎತ್ತರ ಕರಗುವುದನ್ನು ನಾನು ಕಂಡಿಲ್ಲ" ಎಂದರು. ಅಷ್ಟೇ ಹೇಳಿದ್ದು. ಮಕ್ಕಳೆದುರು ಇನ್ನೊಂದು ಮಾತು ಆಡಲಿಲ್ಲ.

ಆ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಬಿಳುಪು. ರಕ್ತಹೀನತೆ ಇತ್ತು, ಹೊಟ್ಟೆಯಲ್ಲಿ ಕೊಕ್ಕೆಹುಳುವಿತ್ತು. ತಂದೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿ, ತಾಯಿ ಬೇರೆಯವರ ಹುಳುವಿನ ಮನೆಯಲ್ಲಿ ಕೂಲಿ. ತಾಯಿ ಬೆಳಕು ಹರಿಯುವ ಮುಂಚೆ ಸೊಪ್ಪು ಕೊಯ್ಯಲು ಹೊರಟುಬಿಡುತ್ತಿದ್ದಳು. ಹುಡುಗಿ ತಮ್ಮನನ್ನು ಎಬ್ಬಿಸಿ, ಮುಖ ತೊಳೆಸಿ, ಇದ್ದುದನ್ನು ಅವನಿಗೆ ತಿನ್ನಿಸಿ ಶಾಲೆಗೆ ಬರುತ್ತಿದ್ದಳು. ತಾನು ಟೀ ಕುಡಿದು ಬರುತ್ತಿದ್ದಳು. ಎರಡು ವರ್ಷ ಆ ಮಗು ಹೆಚ್ಚುಕಡಿಮೆ ನಿಂತಲ್ಲಿಯೇ ನಿಂತಿತ್ತು. ದಿನವೂ ನನ್ನ ಕಣ್ಣೆದುರಿಗೆ ಕೂತಿತ್ತು.

ತಾಯಿಯನ್ನು ಕರೆಸಿ ವಿಷಯ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳಕ್ಕೆ ಸೊಪ್ಪು ಕಮ್ಮಿ ಆದ್ರೆ ನಮಗೆ ತಿಳೀತದೆ ಮೇಷ್ಟ್ರೇ, ಗೂಡು ತೂಗಲ್ಲ. ಮಗೀಗೆ ಕಮ್ಮಿ ಆಗಿದ್ದು ನಂಗೆ ಹೆಂಗೆ ತಿಳೀಬೇಕು? ತೂಕ ಬರ್ಕೊಂಡೋರು ನೀವಲ್ವಾ?" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೇ ಕೇಳಿದ ಪ್ರಶ್ನೆಯಾಗಿತ್ತು ಅದು.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತುಕೊಂಡ ಕೆಲವು ಸಂಗತಿಗಳನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಬೆಳವಣಿಗೆ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ತೀರ ಬಡಕಲಾದ ಮಗುವನ್ನು ಯಾರಾದರೂ ಗುರುತಿಸುತ್ತಾರೆ. ಆದರೆ ಬಹುಕಾಲ ಅರೆಹೊಟ್ಟೆಯಲ್ಲಿ ಬೆಳೆದ ಮಗು ಕುಳ್ಳಗೂ ಸಣ್ಣಗೂ ಆಗಿ ಅಂಗಾಂಗಗಳೆಲ್ಲ ಅಳತೆಬದ್ಧವಾಗಿಯೇ ಇರುತ್ತದೆ. ಒಂಬತ್ತು ವರ್ಷದ ಹುಡುಗಿ ಏಳು ವರ್ಷದ ಆರೋಗ್ಯವಂತ ಹುಡುಗಿಯಂತೆ ಕಾಣುತ್ತಾಳೆ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಹಾಗೆಯೇ ಇದ್ದರೆ ಹೋಲಿಕೆಗೂ ಯಾರೂ ಸಿಕ್ಕುವುದಿಲ್ಲ. ಜೊತೆಗೆ, ಶಾಲೆಯ ದಾಖಲೆಯಲ್ಲಿ ಅನೇಕ ಮಕ್ಕಳ ಹುಟ್ಟಿದ ದಿನ ಮೇಷ್ಟರೇ ಅಂದಾಜಿನಲ್ಲಿ ಹಾಕಿದ ಜೂನ್ ತಿಂಗಳ ಯಾವುದೋ ತಾರೀಖಾಗಿದ್ದ ಕಾಲವದು. ವಯಸ್ಸೇ ಸುಳ್ಳಾದಾಗ ಎತ್ತರದ ಅರ್ಥವೂ ಸುಳ್ಳಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹತ್ತೊಂಬತ್ತು ವರ್ಷದವರಿಗಾಗಿ ೨೦೦೭ರಲ್ಲಿ ಪ್ರಕಟಿಸಿದ ಮಾನದಂಡದಂತೆ ಏಳು ವರ್ಷ ತುಂಬಿದ ಹುಡುಗಿಯ ನಡುಮಟ್ಟದ ಎತ್ತರ ಸುಮಾರು ೧೨೧ ಸೆಂಟಿಮೀಟರ್. ಸುಮಾರು ೧೧೦ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತವಾಗಿದೆ ಎನ್ನುತ್ತಾರೆ. ತೂಕ ಇತ್ತೀಚಿನ ದಿನಗಳ ಸುದ್ದಿಯನ್ನು ಹೇಳುತ್ತದೆ. ಎರಡು ವಾರದ ಭೇದಿ ಅದನ್ನು ಇಳಿಸಬಲ್ಲದು, ಎರಡು ತಿಂಗಳ ಒಳ್ಳೆಯ ಊಟ ಏರಿಸಬಲ್ಲದು. ಎತ್ತರ ಹೇಳುವುದು ವರ್ಷಗಟ್ಟಲೆಯ ಕಥೆಯನ್ನು. ಹಾಗೆಂದು ಕುಳ್ಳಗಿರುವ ಮಕ್ಕಳೆಲ್ಲ ಹಸಿದ ಮಕ್ಕಳಲ್ಲ. ತಂದೆತಾಯಿಗಳಿಂದ ಬಂದ ಎತ್ತರವೂ ಒಂದಿದೆ. ಆದ್ದರಿಂದಲೇ ಒಂದು ಸಲ ಅಳೆದರೆ ಸಾಲದು. ಆರು ತಿಂಗಳಿಗೊಮ್ಮೆ ಅದೇ ಮಗುವನ್ನು ಮತ್ತೆ ಅಳೆದಾಗ, ಮಗು ತನ್ನ ದಾರಿಯಲ್ಲಿ ತಾನು ನಡೆಯುತ್ತಿದೆಯೇ, ನಿಂತುಬಿಟ್ಟಿದೆಯೇ ಎಂಬುದು ತಿಳಿಯುತ್ತದೆ.

ಹೀಗೆ ಒಂದೇ ಮಗುವನ್ನು ಮತ್ತೆ ಮತ್ತೆ ಅಳೆದು ಬರೆದಿಟ್ಟ ಮೊದಲಿಗರಲ್ಲಿ ಪ್ರಸಿದ್ಧನಾದವನು ಒಬ್ಬ ಫ್ರೆಂಚ್ ತಂದೆ. ಗೆನೊ ದ ಮೊಂಬೆಯಾರ್ ಎಂಬ ಆತ ೧೭೫೯ರಲ್ಲಿ ಹುಟ್ಟಿದ ತನ್ನ ಮಗನನ್ನು ಹದಿನೆಂಟು ವರ್ಷಗಳ ಕಾಲ ಸುಮಾರು ಆರಾರು ತಿಂಗಳಿಗೊಮ್ಮೆ ಅಳೆಯುತ್ತ ಹೋದ. ಪ್ರಕೃತಿವಿಜ್ಞಾನಿ ಬುಫಾನ್ ಆ ಅಂಕಿಗಳನ್ನು ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಮಗು ಹುಟ್ಟಿದ ಹೊಸದರಲ್ಲಿ ಅತಿ ವೇಗವಾಗಿ ಬೆಳೆದು, ಶಾಲೆಯ ವಯಸ್ಸಿನಲ್ಲಿ ನಿಧಾನವಾಗಿ ಒಂದೇ ಹದದಲ್ಲಿ ಏರಿ, ಹರೆಯದಲ್ಲಿ ಮತ್ತೊಮ್ಮೆ ಚಿಮ್ಮುತ್ತದೆ ಎಂಬುದನ್ನು ಇಂದಿಗೂ ಆ ತಂದೆಯ ಅಳತೆಯಿಂದ ಎಳೆದ ಗೆರೆಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸುತ್ತಾರೆ. ಅವನಲ್ಲಿ ಇದ್ದುದು ಒಂದು ಅಳತೆಗೋಲು ಮತ್ತು ತಾಳ್ಮೆ.

ಅಳೆಯುವವನ ಮನಸ್ಸು ಒಳ್ಳೆಯದಾಗಿದ್ದ ಮಾತ್ರಕ್ಕೆ ಅಳತೆ ನಿಜವಾಗುವುದಿಲ್ಲ ಎಂಬುದಕ್ಕೂ ಒಂದು ಕಥೆಯಿದೆ. ೧೯೩೦ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್ ಪ್ರಾಂತದಲ್ಲಿ ಇಪ್ಪತ್ತು ಸಾವಿರ ಶಾಲಾಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಹತ್ತು ಸಾವಿರ ಮಕ್ಕಳಿಗೆ ದಿನವೂ ಮುಕ್ಕಾಲು ಪೈಂಟ್ ಹಾಲು. ಉಳಿದ ಹತ್ತು ಸಾವಿರ ಮಕ್ಕಳಿಗೆ ಹಾಲಿಲ್ಲ. ನಾಲ್ಕು ತಿಂಗಳ ನಂತರ ಎರಡು ಗುಂಪುಗಳನ್ನೂ ತೂಗಿ ಹೋಲಿಸಿದರು. ಮರುವರ್ಷ 'ಸ್ಟೂಡೆಂಟ್' ಎಂಬ ಗುಪ್ತನಾಮದ ಗಣಿತಜ್ಞ ಗಾಸೆಟ್ ಅದರಲ್ಲಿದ್ದ ಒಂದು ದೋಷವನ್ನು ಎತ್ತಿ ತೋರಿಸಿದ. ಯಾವ ಗುಂಪಿಗೆ ಯಾವ ಮಗು ಎಂಬುದನ್ನು ಸರಿದೂಗಿಸುವ ಸ್ವಾತಂತ್ರ್ಯ ಶಾಲೆಗಳಿಗಿತ್ತು. ಉಪಾಧ್ಯಾಯರು ತಮಗೆ ಅರಿವಿಲ್ಲದೆಯೇ ಬಡಕಲು ಮಕ್ಕಳನ್ನು ಹಾಲಿನ ಗುಂಪಿಗೆ ಸೇರಿಸಿದ್ದರು. ಅಲ್ಲದೆ ಮಕ್ಕಳನ್ನು ಬಟ್ಟೆಯ ಸಮೇತ ತೂಗಿದ್ದರು. ಮೊದಲ ತೂಕ ಚಳಿಗಾಲದ್ದು, ಕೊನೆಯದು ಬೇಸಗೆಯದು. ಉಳ್ಳವರ ಮಕ್ಕಳು ಕಳಚಿಟ್ಟು ಬಂದ ದಪ್ಪ ಕೋಟಿನ ತೂಕವೂ ಲೆಕ್ಕದಲ್ಲಿ ಬೆರೆತುಹೋಗಿತ್ತು.

ಈ ಕಥೆಯನ್ನು ಓದಿದಾಗ ನನಗೆ ಆ ಉಪಾಧ್ಯಾಯರ ಮೇಲೆ ಪ್ರೀತಿಯೂ ನನ್ನ ಮೇಲೆ ನಾಚಿಕೆಯೂ ಒಟ್ಟಿಗೆ ಉಂಟಾದವು. ಅವರು ಕರುಣೆಯಿಂದ ಲೆಕ್ಕವನ್ನು ಕೆಡಿಸಿದರು. ಅವರ ತಪ್ಪಿನಿಂದ ಕೆಲವು ಹಸಿದ ಮಕ್ಕಳಾದರೂ ಹಾಲು ಕುಡಿದರು. ನಾನು ಸೋಮಾರಿತನದಿಂದ ಕೆಡಿಸಿದೆ. ನನ್ನ ತಪ್ಪಿನಿಂದ ಯಾರಿಗೂ ಏನೂ ದೊರೆಯಲಿಲ್ಲ.

ಎರಡನೆಯ ಸಂಗತಿ ಶಾಲೆಯ ಊಟ. ನಮ್ಮ ಪೀಳಿಗೆಯವರಿಗೆ 'ಕೇರ್' ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿಗಳ ವಾಸನೆ ಇನ್ನೂ ಮರೆತಿಲ್ಲ. ನಾನು ಮೇಷ್ಟರಾದ ಕಾಲಕ್ಕೆ ನಮ್ಮ ಶಾಲೆಯಲ್ಲಿ ಅದೂ ಇರಲಿಲ್ಲ. ೧೯೯೫ರ ಆಗಸ್ಟ್ ೧೫ರಂದು ಕೇಂದ್ರದ ಯೋಜನೆ ಆರಂಭವಾದಾಗ ನಮಗೆ ಬಂದುದು ಬೇಯಿಸಿದ ಊಟವಲ್ಲ, ಧಾನ್ಯ. ಶೇಕಡ ೮೦ರಷ್ಟು ಹಾಜರಿಯಿದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ. ಅದು ಚೀಲದಲ್ಲಿ ಮನೆಗೆ ಹೋಗಿ ಮನೆಮಂದಿಯೆಲ್ಲರ ಪಾತ್ರೆಯಲ್ಲಿ ಬೆರೆಯುತ್ತಿತ್ತು. ಬೆರೆಯಬಾರದು ಎಂದು ಯಾರು ಹೇಳಿಯಾರು? ೨೦೦೧ರ ನವೆಂಬರ್ ೨೮ರಂದು ಸರ್ವೋಚ್ಚ ನ್ಯಾಯಾಲಯ, ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ೨೦೦೨ರ ಜೂನ್ ತಿಂಗಳಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ 'ಅಕ್ಷರ ದಾಸೋಹ' ೨೦೦೩ರಲ್ಲಿ ನಮ್ಮ ಕಡೆಗೂ ಬಂತು. ಆಗ ಜಂಗಮಕೋಟೆ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದು ೨೦೦೭ರಲ್ಲಿ.

ಆ ಮೊದಲ ದಿನಗಳನ್ನು ನಾನು ಮರೆಯಲಾರೆ. ಬಿಸಿ ಅನ್ನ ಸಾರಿನ ವಾಸನೆ ಹನ್ನೆರಡು ಗಂಟೆಗೇ ತರಗತಿಯೊಳಕ್ಕೆ ಬರುತ್ತಿತ್ತು. ಅನಂತರ ನನ್ನ ಪಾಠಕ್ಕೆ ಬೆಲೆಯಿರುತ್ತಿರಲಿಲ್ಲ. ಎಲ್ಲ ಮನೆಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಂಡರು. ಮಧ್ಯಾಹ್ನದ ಮೇಲೆ ನಿದ್ದೆ ತೂಗುವ, ತಲೆನೋವೆಂದು ಮಲಗುವ ಮಕ್ಕಳ ಸಂಖ್ಯೆ ಇಳಿಯಿತು.

ಈ ಊಟದ ಫಲ ಒಂದು ತಲೆಮಾರಿಗೆ ಮುಗಿಯುವುದೂ ಅಲ್ಲ. ೧೯೯೩ರಿಂದ ೨೦೧೬ರವರೆಗಿನ ರಾಷ್ಟ್ರೀಯ ಸಮೀಕ್ಷೆಗಳನ್ನು ಆಧರಿಸಿ ೨೦೨೧ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಬಾಲ್ಯದಲ್ಲಿ ಶಾಲೆಯ ಊಟ ದೊರೆತ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆಯಿರುವುದನ್ನು ಕಂಡುಕೊಂಡಿತು. ಇಂದು ಒಬ್ಬಳು ಹುಡುಗಿಯ ತಟ್ಟೆಗೆ ಬಡಿಸಿದ ಸಾರು ಇಪ್ಪತ್ತು ವರ್ಷಗಳ ನಂತರ ಇನ್ನೊಂದು ಮಗುವಿನ ಮೂಳೆಗೆ ಸೇರುತ್ತದೆ ಎಂದಾಯಿತು.

ಆದರೆ ಶಾಲೆಯ ಊಟ ಎಷ್ಟನ್ನು ಕೊಡಬಲ್ಲದು ಎಂಬುದನ್ನೂ ನಾವು ಲೆಕ್ಕ ಹಾಕಬೇಕು. ಒಂದರಿಂದ ಐದನೆಯ ತರಗತಿಯವರಿಗೆ ನಿಗದಿಯಾದ ಪ್ರಮಾಣ ೪೫೦ ಕ್ಯಾಲೊರಿ, ೧೨ ಗ್ರಾಂ ಸಸಾರಜನಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೦ರಲ್ಲಿ ಕೊಟ್ಟ ಅಂದಾಜಿನಂತೆ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದುದು ೧೭೦೦ ಕ್ಯಾಲೊರಿ, ೨೩ ಗ್ರಾಂ ಸಸಾರಜನಕ. ಎಂದರೆ ಸಸಾರಜನಕದ ಅರ್ಧದಷ್ಟನ್ನು ಶಾಲೆ ಕೊಟ್ಟರೂ ಶಕ್ತಿಯ ನಾಲ್ಕನೆಯ ಒಂದು ಪಾಲಿಗಿಂತ ತುಸು ಹೆಚ್ಚನ್ನು ಮಾತ್ರ ಕೊಡುತ್ತದೆ. ಉಳಿದುದು ಮನೆಯಲ್ಲಿ ದೊರೆಯಬೇಕು. ಶಿಕ್ಷಣ ಹಕ್ಕಿನ ಕಾಯಿದೆ ಈ ತರಗತಿಗಳಿಗೆ ಕನಿಷ್ಠವೆಂದು ವಿಧಿಸಿರುವುದು ೨೦೦ ಕೆಲಸದ ದಿನಗಳನ್ನು. ವರ್ಷದ ಮಿಕ್ಕ ದಿನಗಳಲ್ಲಿ ಮಗುವಿನ ಮೂಳೆ ರಜೆ ತೆಗೆದುಕೊಳ್ಳುವುದಿಲ್ಲ.

ಹಾಲಿನ ಮಾತಂತೂ ವಿಚಿತ್ರವಾದುದು. ೨೦೧೩ರ ಆಗಸ್ಟ್ ೧ರಂದು 'ಕ್ಷೀರಭಾಗ್ಯ' ಯೋಜನೆ ಆರಂಭವಾಯಿತು. ಒಂದು ಮಗುವಿಗೆ ೧೮ ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ ೧೫೦ ಮಿಲಿಲೀಟರ್ ಹಾಲು. ಮೊದಲು ವಾರಕ್ಕೆ ಮೂರು ದಿನವಿದ್ದುದು ೨೦೧೭ರಲ್ಲಿ ಐದು ದಿನವಾಯಿತು. ಹಳ್ಳಿಯ ಹಾಲು ಡೇರಿಯಿಂದ ಹೊರಟು, ಕಾರ್ಖಾನೆಯಲ್ಲಿ ಪುಡಿಯಾಗಿ, ಪೊಟ್ಟಣದಲ್ಲಿ ಹಳ್ಳಿಗೇ ಮರಳಿ, ಬಿಸಿನೀರಿನಲ್ಲಿ ಕದಡಿ ಅದೇ ಹಳ್ಳಿಯ ಮಗುವಿನ ಲೋಟಕ್ಕೆ ಬರುತ್ತದೆ. ಈ ಸುತ್ತುಬಳಸಿನ ದಾರಿಯನ್ನು ನೋಡಿ ನಾನು ಮೊದಮೊದಲು ನಗುತ್ತಿದ್ದೆ. ಅನಂತರ ಅರ್ಥವಾಯಿತು. ಮನೆಯ ಕೊಟ್ಟಿಗೆಯಲ್ಲಿ ಕರೆದ ಹಾಲು ಸಾಲದ ಕಂತು, ಹಿಂಡಿಯ ಬಾಕಿ, ಔಷಧಿಯ ಖರ್ಚು ಇವುಗಳನ್ನು ದಾಟಿ ಮಗುವಿನ ಬಾಯಿಗೆ ತಲುಪುವುದು ಎಷ್ಟೋ ಮನೆಗಳಲ್ಲಿ ಆಗದ ಮಾತು. ಹಾಲಿನ ದುಡ್ಡು ಆ ಮನೆಯನ್ನು ನಿಲ್ಲಿಸಿದೆ; ಅದನ್ನು ಹೀಗಳೆಯಲಾಗದು. ಶಾಲೆಯ ಲೋಟದ ಹಾಲಿಗಾದರೋ ಮಗುವನ್ನು ಬಿಟ್ಟು ಬೇರೆ ಹಕ್ಕುದಾರರಿಲ್ಲ.

೨೦೨೪ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಮುದ್ದೇನಹಳ್ಳಿಯ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟಿನ ಸಹಯೋಗದಿಂದ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ರಾಜ್ಯದ ಶಾಲೆಗಳಲ್ಲಿ ಮೊದಲಾಯಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನಕ್ಕೆ ಏರಿತು. ಒಲ್ಲದವರಿಗೆ ಬಾಳೆಹಣ್ಣು. ನಮ್ಮ ಸೀಮೆಯ ರಾಗಿ ಮಕ್ಕಳ ಬಳಿಗೆ ಮರಳಿದ ಬಗೆ ಇದು.

ಮೂರನೆಯ ಸಂಗತಿ ಮನೆಯ ಊಟ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಎಂದರೆ ಮೂಳೆ ಕಟ್ಟುವ ಸುಣ್ಣದಂಶ, ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಮಿನಷ್ಟು. ನಮ್ಮ ಹಿರಿಯರ ಮುದ್ದೆ, ಹುರುಳಿ ಸಾರು, ಅವರೆಕಾಳು, ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪು ಇವು ಬಡವರ ಊಟವೆನಿಸಿಕೊಂಡರೂ ಬಡ ಊಟವಾಗಿರಲಿಲ್ಲ. ರಾಗಿಯಲ್ಲಿ ಕಡಿಮೆಯಿರುವ ಸಸಾರಜನಕವನ್ನು ಹುರುಳಿ ತುಂಬಿಕೊಡುತ್ತಿತ್ತು. ಅಕ್ಕಿ ಅಗ್ಗವಾದ ಮೇಲೆ ಅನ್ನ ಹಬ್ಬದ ಊಟವಾಗಿ ಉಳಿಯಲಿಲ್ಲ. ಮಕ್ಕಳು ಮುದ್ದೆಯನ್ನು ಒಲ್ಲೆನೆಂದರು. ತಿಳಿಸಾರಿನ ಅನ್ನ ಎರಡು ಹೊತ್ತಿನ ಊಟವಾಯಿತು. ಅಂಗಡಿಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ ತೋರಣದಂತೆ ತೂಗಾಡತೊಡಗಿತು.

ಆದರೂ ಹಳೆಯದೆಲ್ಲ ಅಮೃತವೆಂದು ನಾನು ಹೇಳುತ್ತಿಲ್ಲ. ಮುದ್ದೆ ಹೊಟ್ಟೆ ತುಂಬಿಸುವ ಆಹಾರ. ಮಗುವಿನ ಹೊಟ್ಟೆ ಚಿಕ್ಕದು. ದೊಡ್ಡವರಂತೆ ಎರಡೇ ಹೊತ್ತು ಉಂಡರೆ ಅದಕ್ಕೆ ಬೇಕಾದ ಶಕ್ತಿ ದೊರೆಯದು. ಮೂರು ಹೊತ್ತಿನ ಊಟ, ನಡುವೆ ಒಂದು ಹಿಡಿ ಹುರಿದ ಕಡಲೆಕಾಯಿ, ಸಾರಿಗೆ ನಾಲ್ಕು ಹನಿ ಎಣ್ಣೆಯ ಒಗ್ಗರಣೆ ಬೇಕು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದರ ಕಬ್ಬಿಣ, ಕ್ಯಾಲ್ಸಿಯಂಗಳು ಮೈಗೆ ಹೆಚ್ಚು ಹತ್ತುತ್ತವೆ. ಊಟದ ಜೊತೆ ಕುಡಿದ ಟೀ ಕಬ್ಬಿಣದ ಅಂಶವನ್ನು ತಡೆಯುತ್ತದೆ. ಹಿಂಡಿದ ನಿಂಬೆಹಣ್ಣು ಅದನ್ನು ಒಳಕ್ಕೆ ಬಿಡುತ್ತದೆ. ಬೆಳಗ್ಗೆ ಟೀ ಕುಡಿದು ಬರುವ ಮಗು ಮಧ್ಯಾಹ್ನದ ಗಂಟೆಯವರೆಗೆ ಖಾಲಿ ಹೊಟ್ಟೆಯಲ್ಲಿ ಮಗ್ಗಿ ಹೇಳುತ್ತಿದೆ ಎಂಬುದನ್ನು ನಾವು ನೆನಪಿಡಬೇಕು.

ಇನ್ನೊಂದು ವಿಷಯವನ್ನು ನಾನು ಹಾಜರಿ ಪುಸ್ತಕದಿಂದ ಕಲಿತೆ. ಹುಳು ನಾಲ್ಕನೆಯ ಜ್ವರ ಕಳೆದು ಎದ್ದ ಮೇಲಿನ ವಾರದಲ್ಲಿ ತನ್ನ ಜೀವಮಾನದ ಆಹಾರದಲ್ಲಿ ಶೇಕಡ ೮೦ಕ್ಕಿಂತ ಹೆಚ್ಚನ್ನು ತಿನ್ನುತ್ತದೆ. ಆ ವಾರ ಮನೆಯಲ್ಲಿ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ದೊಡ್ಡವರೆಲ್ಲ ಸೊಪ್ಪಿನ ಹಿಂದೆ. ಶಾಲೆಯಲ್ಲಿ ಹಾಜರಿ ಇಳಿಯುವುದೂ, ಬಂದ ಮಕ್ಕಳು ಬರಿಹೊಟ್ಟೆಯಲ್ಲಿ ಬರುವುದೂ ಆ ವಾರದಲ್ಲಿಯೇ. ಹುಳು ಅತಿ ಹೆಚ್ಚು ತಿನ್ನುವ ವಾರವೇ ಮಗು ಅತಿ ಕಡಿಮೆ ತಿನ್ನುವ ವಾರ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಒಂದಕ್ಕೆ ತಕ್ಕಡಿಯಿದೆ, ಇನ್ನೊಂದಕ್ಕಿಲ್ಲ.

ಊಟ ಸರಿಯಿದ್ದರೂ ಕೆಲವೊಮ್ಮೆ ನೀರು ಅಡ್ಡ ಬರುತ್ತದೆ. ಸದಾ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಫ್ಲೋರೈಡ್ ಮೇಲೆ ಬಂತು. ಎಷ್ಟೋ ಮಕ್ಕಳ ಮುಂಬಲ್ಲಿನ ಕಂದು ಕಲೆ ಅದರ ಗುರುತು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಮೂಳೆಗೆ ಮಾಡುವ ಕೇಡು ಹೆಚ್ಚು. ಹಾಲು, ರಾಗಿಗಳ ಬೆಲೆ ಇಲ್ಲಿ ಇಮ್ಮಡಿಯಾಗುತ್ತದೆ. ಬರಿಗಾಲಿನಿಂದ ಒಳಸೇರುವ ಕೊಕ್ಕೆಹುಳು ಹೊಟ್ಟೆಯಲ್ಲಿ ಕೂತು ಮಗುವಿನ ರಕ್ತವನ್ನು ಹೀರುತ್ತದೆ. ೨೦೧೫ರಿ೦ದ ಜಂತುಹುಳು ನಿವಾರಣೆಯ ದಿನದಂದು ಶಾಲೆಯಲ್ಲಿಯೇ ಮಾತ್ರೆ ಕೊಡುವ ಪದ್ಧತಿ ಬಂದಿರುವುದು ದೊಡ್ಡ ಉಪಕಾರ. ಒಂದು ಮಾತ್ರೆ, ಒಂದು ಜೊತೆ ಚಪ್ಪಲಿ, ಒಂದು ಕಕ್ಕಸು ಇವೂ ಆಹಾರದ ಲೆಕ್ಕಕ್ಕೇ ಸೇರಬೇಕು.

ಈಗ ಆ ತಾಯಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಮಗುವಿಗೆ ಕಡಿಮೆಯಾಗಿದೆ ಎಂಬುದು ಆಕೆಗೆ ಹೇಗೆ ತಿಳಿಯಬೇಕು?

೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಅಂಗನವಾಡಿಯ ಯೋಜನೆ ಮೊದಲಾಯಿತು. ನಮ್ಮ ರಾಜ್ಯದ ತಿ. ನರಸೀಪುರ ಅವುಗಳಲ್ಲಿ ಒಂದು. ಅಂಗನವಾಡಿಯಲ್ಲಿ ಮಗುವನ್ನು ತೂಗಿ, ಬೆಳವಣಿಗೆಯ ಪಟದ ಮೇಲೆ ಚುಕ್ಕಿಯಿಟ್ಟು, ಚುಕ್ಕಿಗಳನ್ನು ಗೆರೆಯಿಂದ ಸೇರಿಸುತ್ತಾರೆ. ಅಕ್ಷರ ಬಾರದ ತಾಯಿಗೂ ಗೆರೆ ಏರುತ್ತಿದೆಯೋ ಬಾಗುತ್ತಿದೆಯೋ ಕಾಣುತ್ತದೆ. ಬದುಕಿನ ಮೊದಲ ಸಾವಿರ ದಿನಗಳು ಅತಿ ಮುಖ್ಯವೆಂಬುದರಿಂದ ಇದು ನ್ಯಾಯವಾದುದೇ. ರೇಷ್ಮೆಯವರ ಮಾತಿನಲ್ಲಿ ಹೇಳುವುದಾದರೆ ಅದು ಚಾಕಿಯ ಕಾಲ. ಚಾಕಿಯಲ್ಲಿ ಕೆಟ್ಟ ಹುಳು ಮುಂದೆ ಎಷ್ಟು ಸೊಪ್ಪು ಹಾಕಿದರೂ ಪೂರ್ತಿ ಸುಧಾರಿಸದು. ಆದರೆ ಚಾಕಿ ಮುಗಿಯಿತೆಂದು ಯಾವ ರೈತನೂ ಸೊಪ್ಪು ನಿಲ್ಲಿಸುವುದಿಲ್ಲ. ನಮ್ಮ ಮಕ್ಕಳ ವಿಷಯದಲ್ಲಿ ಆಗುವುದು ಅದೇ. ಆರು ವರ್ಷ ತುಂಬಿ ಮಗು ಶಾಲೆಯ ಬಾಗಿಲು ದಾಟಿದ ದಿನ ಆ ಗೆರೆ ನಿಂತುಹೋಗುತ್ತದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ.

ಅಂಕಿಅಂಶಗಳಲ್ಲಿಯೂ ಇದೇ ಪಕ್ಷಪಾತ ಕಾಣುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ ೩೫ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ ಎಂದಿತು. ಆ ಮಕ್ಕಳೇ ಮುಂದೆ ಶಾಲೆಗೆ ಬಂದಾಗ ಹೇಗಿರುತ್ತಾರೆಂದು ದೇಶವ್ಯಾಪಿಯಾಗಿ ಕೂಲಂಕಷವಾಗಿ ನೋಡಿದ್ದು ೨೦೧೬–೧೮ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ. ಐದರಿಂದ ಒಂಬತ್ತು ವರ್ಷದವರಲ್ಲಿ ಶೇಕಡ ೨೨ ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡ ೨೩ ಮಂದಿ ಕೃಶರು, ಶೇಕಡ ೨೪ ಮಂದಿ ರಕ್ತಹೀನರು. ಅದೇ ವಯಸ್ಸಿನ ಶೇಕಡ ೪ರಷ್ಟು ಮಕ್ಕಳು ಮಿತಿಮೀರಿದ ತೂಕದವರು. ಪಟ್ಟಣದ ಕೇಳುಗರು ಈ ಕೊನೆಯ ಅಂಕಿಯನ್ನು ತಮ್ಮದೆಂದು ಎಣಿಸಬೇಕು. ಊಟದ ಡಬ್ಬಿ ತುಂಬಿದ್ದ ಮಾತ್ರಕ್ಕೆ ಮಗು ಸರಿಯಾಗಿ ಬೆಳೆಯುತ್ತಿದೆ ಎಂದಲ್ಲ. ಅಲ್ಲಿಯೂ ಬೇಕಾದುದು ಅದೇ ಗೆರೆ.

ಹಾಗಾದರೆ ಮಾಡಬೇಕಾದುದೇನು? ನನ್ನ ಬಿನ್ನಹ ಚಿಕ್ಕದು. ಪ್ರತಿ ಶಾಲೆಯಲ್ಲಿ ಒಂದು ನಂಬಬಹುದಾದ ತೂಕದ ಯಂತ್ರ, ನೆಟ್ಟಗಿರುವ ಗೋಡೆಯ ಮೇಲೆ ಒಂದು ಅಳತೆಪಟ್ಟಿ ಇರಲಿ. ಶಾಲೆ ತೆರೆದ ತಿಂಗಳಲ್ಲೊಮ್ಮೆ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ಮಕ್ಕಳನ್ನು ಅಳೆಯಲಿ. ಬರಿಗಾಲಲ್ಲಿ, ಹಗುರ ಬಟ್ಟೆಯಲ್ಲಿ, ದಿನದ ಅದೇ ಹೊತ್ತಿನಲ್ಲಿ ಅಳೆಯಲಿ. ಏಕೆಂದರೆ ಬೆಳಗಿಗಿಂತ ಸಂಜೆಗೆ ಮನುಷ್ಯ ತುಸು ಗಿಡ್ಡನಾಗಿರುತ್ತಾನೆ. ಅಳೆದ ಅಂಕಿ ಕಪಾಟಿನಲ್ಲಿ ಕೊಳೆಯದೆ ಮನೆಗೆ ಹೋಗಲಿ. ಡೇರಿಯ ಪುಸ್ತಕ ಇರುವ ಗೂಡಿನಲ್ಲಿಯೇ ಮಗುವಿನ ಬೆಳವಣಿಗೆಯ ಪಟವೂ ಇರಲಿ. ನಮ್ಮ ಕಡೆಯ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಬರಹ ಕನ್ನಡ. ಗೆರೆಗೆ ಈ ಎರಡರ ಹಂಗೂ ಇಲ್ಲ. ಆರು ತಿಂಗಳಲ್ಲಿ ತೂಕ ಏರದ, ಎತ್ತರ ಬೆಳೆಯದ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ತೂಗದೆ ಇದ್ದ ವರ್ಷ ಕಾರ್ಡಿನ ಆ ಜಾಗವನ್ನು ಖಾಲಿ ಬಿಡಲಿ. ಖಾಲಿ ಜಾಗವನ್ನು ಕಂಡವರು ಯಾಕೆ ತೂಗಲಿಲ್ಲವೆಂದು ಕೇಳುತ್ತಾರೆ. ನನ್ನ ಕಾರ್ಡುಗಳನ್ನು ಎರಡು ವರ್ಷ ಯಾರೂ ಏನೂ ಕೇಳಲಿಲ್ಲ. ಅವು ಅಷ್ಟು ಚೆನ್ನಾಗಿ ತುಂಬಿದ್ದವು.

ಆ ಹುಡುಗಿಯ ಕಥೆಯನ್ನು ಮುಗಿಸಿಬಿಡುತ್ತೇನೆ. ಹುಳುವಿನ ಮಾತ್ರೆ, ಕಬ್ಬಿಣದ ಮಾತ್ರೆಗಳಾದವು. ತಾಯಿ ರಾತ್ರಿಯೇ ಮುದ್ದೆ ತೆಗೆದಿಟ್ಟು, ಬೆಳಗ್ಗೆ ಮಜ್ಜಿಗೆಯಲ್ಲಿ ಕಲಸಿ ಉಂಡು ಹೋಗಬೇಕೆಂದು ಕಟ್ಟುಮಾಡಿದಳು. ಮುಂದಿನ ಒಂದು ವರ್ಷದಲ್ಲಿ ಅವಳು ಮೂರೂವರೆ ಕಿಲೋ ಏರಿದಳು. ಈ ಸಲ ಯಂತ್ರವನ್ನು ಕಡ ತಂದು ತಿಂಗಳಿಗೊಮ್ಮೆ ತೂಗಿದವನು ನಾನೇ. ಎತ್ತರವೂ ಮತ್ತೆ ಏರತೊಡಗಿತು. ಆದರೆ ಕಳೆದುಹೋದ ಎರಡು ವರ್ಷಗಳ ಎತ್ತರ ಪೂರ್ತಿಯಾಗಿ ಮರಳಲಿಲ್ಲ. ಐದನೆಯ ತರಗತಿ ಮುಗಿಸಿ ಹೊರಟ ದಿನವೂ ಸಾಲಿನಲ್ಲಿ ಅವಳೇ ಮೊದಲು ನಿಂತಿದ್ದಳು.

೨೦೨೪ರಲ್ಲಿ ನಿವೃತ್ತನಾಗುವವರೆಗೆ ನಾನು ಸಾವಿರಾರು ಮಕ್ಕಳನ್ನು ತೂಗಿದ್ದೇನೆ. ತಕ್ಕಡಿಯ ಮೇಲೆ ನಿಂತ ಪ್ರತಿ ಮಗುವೂ ಒಂದು ಕ್ಷಣ ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತದೆ. "ಎಷ್ಟು ಸಾರ್?" ಎಂದು ಕೇಳುತ್ತದೆ. ಇದ್ದುದನ್ನು ಇದ್ದ ಹಾಗೆ ಹೇಳುವುದು ನಾವು ಅದಕ್ಕೆ ತೀರಿಸಬೇಕಾದ ಮೊದಲ ಋಣ. ಉಳಿದ ಋಣಗಳೆಲ್ಲ ಅದರ ಹಿಂದೆ ಬರುತ್ತವೆ.